ಅಂಗಡಿಗೆ ಮುಂಚೆ ಅಟ್ಟ

ಈಚೆಗೆ ನೆಂಟರ ಮನೆಗಳಲ್ಲಿ ಕಾಫಿಗಿಂತ ಮುಂಚೆ ಪರೀಕ್ಷೆ ಬರುತ್ತದೆ. "ಇದೇನು ಹೇಳಿ ನೋಡೋಣ?" ಎಂದು ಒಂದು ವಸ್ತುವನ್ನು ತಂದು ಮೂಗಿನ ಮುಂದೆ ಹಿಡಿಯುತ್ತಾರೆ. ದೀಪವೇ? ಅಲ್ಲ. ಹೂದಾನಿಯೇ? ಅಲ್ಲ. ಗಣೇಶನೇ? ಅಯ್ಯೋ, ಅಲ್ಲ ರೀ! ಕೊನೆಗೆ ಅವರೇ ಗುಟ್ಟು ಬಿಡುತ್ತಾರೆ. ಅದು ಪೆನ್ನು ಸ್ಟ್ಯಾಂಡು. ಹಿಂದಿನ ಜನ್ಮದಲ್ಲಿ ಶಾಂಪೂ ಬಾಟಲಿ. "ನಾನೇ ಮಾಡಿದ್ದು. ಎಲ್ಲಾ ವೇಸ್ಟಿಂದಾನೇ. ಪರಿಸರಕ್ಕೆ ನಮ್ಮದೂ ಒಂದು ಅಳಿಲು ಸೇವೆ." ಭೇಷ್ ಅನ್ನದೆ ಕಾಫಿ ಬರುವುದಿಲ್ಲ, ಅಂದುಬಿಡಬೇಕು. ಆ ಮನೆಯಲ್ಲಿ ಪೆನ್ನು ಹಿಡಿದು ಬರೆಯುವವರು ಯಾರು ಎಂದು ಮಾತ್ರ ಕೇಳಬಾರದು. ಎಲ್ಲರೂ ಫೋನು ಕುಟ್ಟುವವರೇ.

ಸ್ವಂತ ಕೈಯಿಂದ ಮಾಡಿದ್ದೆಲ್ಲ ಪರಿಸರಕ್ಕೆ ಒಳ್ಳೆಯದು ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ. ಡಿಐವೈ ಎಂಬ ಮೂರಕ್ಷರದ ಮಂತ್ರ ಹೇಳಿದರೆ ಸಾಕು, ಸಕಲ ಪಾಪವೂ ಪರಿಹಾರ. ಆ ಪೆನ್ನು ಸ್ಟ್ಯಾಂಡಿನ ಜಾತಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಟಲಿ ಹಳೆಯದು, ಒಪ್ಪಿದೆ. ಅದನ್ನು ಕೊಯ್ಯಲು ಹೊಸ ಕಟರ್ ಬಂತು. ಅಂಟಿಸಲು ಗ್ಲೂ ಗನ್ ಬಂತು, ಅದರ ಹಿಂದೆಯೇ ಪ್ಲಾಸ್ಟಿಕ್ ಅಂಟುಕಡ್ಡಿಗಳ ಕಟ್ಟು ಬಂತು. ಬಂಗಾರದ ಬಣ್ಣದ ಸ್ಪ್ರೇ ಡಬ್ಬ ಬಂತು. ಬಂಗಾರ ಸಾಲದೆ ಹಳ್ಳಿಯ ಸೊಗಡೂ ಇರಲಿ ಎಂದು ಸುತ್ತಲಿಕ್ಕೆ ಸೆಣಬಿನ ಹುರಿ ಬಂತು. ಒಂದೊಂದೂ ಬೇರೆ ಬೇರೆ ದಿನ, ಬೇರೆ ಬೇರೆ ಬೈಕಿನಲ್ಲಿ, ಬೇರೆ ಬೇರೆ ರಟ್ಟಿನ ಪೆಟ್ಟಿಗೆಯೊಳಗೆ, ಗುಳ್ಳೆ ಪ್ಲಾಸ್ಟಿಕ್ ಹೊದ್ದು ಬಂತು. ಒಂದು ಬಾಟಲಿಯನ್ನು ಕಸದ ಗಾಡಿಯಿಂದ ಪಾರುಮಾಡಲು ಒಂದು ಮೂಟೆ ಹೊಸ ಕಸಕ್ಕೆ ಬಾಗಿಲು ತೆರೆದದ್ದಾಯಿತು.

ಪಾಪ, ಬಾಟಲಿಗಾದರೂ ಮೋಕ್ಷ ಸಿಕ್ಕಿತೇ? ಅದೂ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ನೀರು, ತಂಪು ಪಾನೀಯದ ಬಾಟಲಿಗೆ 1, ಅಂದರೆ ಪೆಟ್. ದಪ್ಪ ಶಾಂಪೂ ಬಾಟಲಿಗೆ ಸಾಮಾನ್ಯವಾಗಿ 2, ಅಂದರೆ ಎಚ್‌ಡಿಪಿಇ. ಇವೆರಡೂ ಗುಜರಿ ಲೋಕದ ಮರ್ಯಾದಸ್ಥರು. ತೊಳೆದು ಒಣಕಸಕ್ಕೆ ಹಾಕಿದರೆ ಒಂದನೆಯದು ಪುಡಿಯಾಗಿ, ಕರಗಿ, ಪಾಲಿಯೆಸ್ಟರ್ ನೂಲಾಗುತ್ತದೆ. ಎರಡನೆಯದು ಪೈಪೋ ಬಕೆಟ್ಟೋ ಆಗುತ್ತದೆ. ಅದೇ ಬಾಟಲಿಗೆ ಬಣ್ಣ ಬಳಿದು, ಬಿಸಿ ಅಂಟು ಹಚ್ಚಿ, ಹುರಿ ಸುತ್ತಿ, ಮೇಲೆ ಎರಡು ಕವಡೆ ಅಂಟಿಸಿ ನೋಡಿ. ಗುಜರಿಯವನು ಕೈಯಲ್ಲೂ ಮುಟ್ಟುವುದಿಲ್ಲ. ಮರಳಿ ಬಳಕೆಯಾಗಬೇಕಿದ್ದ ಸಾಮಾನನ್ನು ಯಾವ ಯಂತ್ರವೂ ಬೇರ್ಪಡಿಸಲಾಗದ ಸಾಮಾನಾಗಿ ಮಾಡಿದ ಕೀರ್ತಿ ನಮ್ಮದು.

ಈ ವಿದ್ಯೆಯ ಗುರುಕುಲ ನಮ್ಮ ಶಾಲೆಗಳು. ಅಲ್ಲಿ 'ಕಸದಿಂದ ರಸ' ಎಂಬ ಸ್ಪರ್ಧೆ ಉಂಟು. ರಾತ್ರಿ ಊಟ ಮುಗಿದು, ಹಾಸಿಗೆ ಹಾಸಿದ ಮೇಲೆ ಮಗು ತಣ್ಣಗೆ ಹೇಳುತ್ತದೆ: "ಅಮ್ಮಾ, ನಾಳೆ ಬೆಸ್ಟ್ ಔಟ್ ಆಫ್ ವೇಸ್ಟ್ ತಗೊಂಡ್ ಹೋಗ್ಬೇಕು." ಮನೆಯಲ್ಲಿ ಭೂಕಂಪ. ಅಪ್ಪ ಲುಂಗಿ ಬಿಟ್ಟು ಪ್ಯಾಂಟು ಹಾಕಿ ಸ್ಕೂಟರ್ ತೆಗೆಯುತ್ತಾನೆ. ಸ್ಟೇಷನರಿ ಅಂಗಡಿಯವರು ಷಟರ್ ಅರ್ಧ ಎಳೆದುಕೊಂಡು ಕಾಯುತ್ತಿರುತ್ತಾರೆ. ಯಾವ ಶಾಲೆಗೆ ಯಾವತ್ತು ಕಸ ಬೇಕು ಎಂಬುದು ಅವರಿಗೆ ಹೆಡ್‌ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು.

"ಐಸ್‌ಕ್ರೀಮ್ ಕಡ್ಡಿ ಐವತ್ತರದ್ದು ಕೊಡ್ಲಾ, ನೂರರದ್ದು ಕೊಡ್ಲಾ ಸಾರ್?"

"ಅಲ್ಲಪ್ಪಾ, ವೇಸ್ಟ್‌ದು ಬೇಕಾಗಿತ್ತು."

"ಇದೇ ತಗೊಳಿ ಸಾರ್, ಹೊಸಾದು. ನೀಟಾಗಿರುತ್ತೆ, ಯಾರೂ ಚೀಪಿಲ್ಲ."

ಖಾಲಿ ಬಾಟಲಿ ಬೇಕೆಂದು ತುಂಬಿದ ಬಾಟಲಿ ಕೊಂಡು, ಒಳಗಿನದನ್ನು ಸಿಂಕಿಗೆ ಸುರಿದ ತಂದೆಯರನ್ನೂ ನಾನು ಬಲ್ಲೆ. ಮಗು ಸುಖವಾಗಿ ನಿದ್ದೆ ಮಾಡುತ್ತದೆ. ಅಪ್ಪ ಅಮ್ಮ ನಡುರಾತ್ರಿಯವರೆಗೆ ರಸ ಹಿಂಡುತ್ತಾರೆ. ಮರುದಿನ ಮೊದಲ ಬಹುಮಾನ ಅತಿ ಹೆಚ್ಚು ದುಡ್ಡು ಸುರಿದ ಕಸಕ್ಕೆ.

ಈ ರಸಕ್ಕೆ ಮುಖ್ಯ ಪದಾರ್ಥ ಥರ್ಮಾಕೋಲು. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ನೂರರಲ್ಲಿ ಸುಮಾರು 98 ಪಾಲು ಬರೀ ಗಾಳಿ, ಮಿಕ್ಕ ಎರಡು ಪಾಲು ಮೊಮ್ಮಕ್ಕಳ ಕಾಲಕ್ಕೂ ಇಲ್ಲೇ ಇರುತ್ತದೆ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ. ಆ ಸುತ್ತೋಲೆಯನ್ನು ಶಾಲೆಯವರು ನೋಟಿಸ್ ಬೋರ್ಡಿನ ಥರ್ಮಾಕೋಲಿಗೇ ಪಿನ್ನು ಚುಚ್ಚಿ ಹಾಕಿದ್ದರೂ ಆಶ್ಚರ್ಯವಿಲ್ಲ. ಇನ್ನು ಅದರ ಮೇಲೆ ಉದುರಿಸುವ ಗ್ಲಿಟರ್ ಇದೆಯಲ್ಲ, ಆ ಮಿಂಚುಪುಡಿ, ಅದೂ ಬಹುಮಟ್ಟಿಗೆ ಸಣ್ಣಗೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆಯೇ. ಯುರೋಪಿನ ಒಕ್ಕೂಟ 2023ರಲ್ಲಿ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟಕ್ಕೆ ತಡೆ ಹಾಕಿತು. ನಮ್ಮಲ್ಲಿ ಅದು ಚಿತ್ರಕ್ಕಿಂತ ಮಗುವಿನ ಕಿವಿ, ಸೋಫಾ, ಇಡ್ಲಿ ಹಿಟ್ಟು ಇವುಗಳಲ್ಲೇ ಹೆಚ್ಚು ಮಿಂಚುತ್ತದೆ.

ಶಾಲೆಗಳಿಗೆ ನನ್ನದೊಂದು ಪುಕ್ಕಟೆ ಸಲಹೆ. ಮುಂದಿನ ಸಲ ಕಸದಿಂದ ಬೊಂಬೆ ಬೇಡ, ಹರಿದ ಚೀಲಕ್ಕೆ ಹೊಲಿಗೆ ಹಾಕಿಕೊಂಡು ಬನ್ನಿ ಎನ್ನಿ. ಕಿತ್ತ ಗುಂಡಿ ಹಚ್ಚಿಕೊಂಡು ಬನ್ನಿ ಎನ್ನಿ. ನಾವು ಓದುವಾಗ ವರ್ಷದ ಕೊನೆಗೆ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನೆಲ್ಲ ಕಿತ್ತು ಜೋಡಿಸಿ, ದಬ್ಬಣದಿಂದ ಹೊಲಿದು ರಫ್ ನೋಟ್ ಮಾಡುತ್ತಿದ್ದೆವು. ರಟ್ಟಿಗೆ ಮೈದಾ ಹಿಟ್ಟು ಕುದಿಸಿದ ಅಂಟು. ಹುಳ ಬೀಳದಿರಲಿ ಎಂದು ಗೋಡೆಗೆ ಪೋಸ್ಟರ್ ಹಚ್ಚುವವರು ಆ ಅಂಟಿಗೆ ಚೂರು ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಬೇಡ. ಬರೀ ಮೈದಾ ಅಂಟೇ ಒಂದು ವರ್ಷದ ಗಣಿತಕ್ಕೆ ಧಾರಾಳ ಸಾಕು. ಲೆಕ್ಕ ತಪ್ಪಿದ್ದಕ್ಕೆ ಅಂಟು ಹೊಣೆಯಲ್ಲ.

ಇನ್ನು ದೊಡ್ಡವರ ಆಟಕ್ಕೆ ಬರೋಣ. ವಿಡಿಯೋ ನೋಡಿ ಕೆಲಸ ಕಲಿಯುವ ಪಂಥದಲ್ಲಿ ಸದ್ಯಕ್ಕೆ ಬಹಳ ಓಡುತ್ತಿರುವುದು ಟವೆಲ್ಲಿನ ಕುಂಡ. ಹಳೆಯ ಟವೆಲ್ಲನ್ನು ಸಿಮೆಂಟಿನ ಗಂಜಿಯಲ್ಲಿ ಅದ್ದಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹೊದಿಸಿ ಒಣಗಿಸಿದರೆ ನೆರಿಗೆ ನೆರಿಗೆಯ ಹೂಕುಂಡ. ನೋಡಲಿಕ್ಕೆ ಚೆಂದವೇ. ಆದರೆ ಇದಕ್ಕೆ ಹಸಿರು ಅನ್ನುವ ಹೆಸರು ಬೇಡ. ಮನುಷ್ಯ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನ ಲೆಕ್ಕಕ್ಕೇ ಬೀಳುತ್ತದೆ. ಗೂಡು ಕಾಯಿಸಲು ಸುಡುವ ಇಂಧನದ್ದು ಒಂದು ಪಾಲು. ಸುಣ್ಣಕಲ್ಲು ಕಾದು ಒಡೆಯುವಾಗ ಅದರ ಹೊಟ್ಟೆಯಿಂದಲೇ ಹೊರಬರುವುದು ಇನ್ನೊಂದು ಪಾಲು. ಒಂದು ಮೂಲೆಯಲ್ಲಿ ಮಣ್ಣಿನ ಕುಂಡ ಮಾರುವ ಕುಂಬಾರ ನೊಣ ಹೊಡೆಯುತ್ತ ಕೂತಿದ್ದಾನೆ. ಇತ್ತ ನಾವು ಟವೆಲ್ಲಿಗೆ ಸಿಮೆಂಟು ಕುಡಿಸುತ್ತಿದ್ದೇವೆ.

ಟವೆಲ್ಲಿಗೂ ಇದು ಅನ್ಯಾಯ. ನಮ್ಮ ಮನೆಗಳಲ್ಲಿ ಬಟ್ಟೆಗೊಂದು ಸರ್ವಿಸ್ ರೂಲ್ ಇದೆ. ಸೀರೆ ಹಳತಾದರೆ ಮಗಳ ಲಂಗ, ಲಂಗ ಹಳತಾದರೆ ದಿಂಬಿನ ಕವರು, ಕವರು ಹರಿದರೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ, ಮಸಿಬಟ್ಟೆ ಸವೆದರೆ ನೆಲ ಒರೆಸುವುದು, ಕೊನೆಗೆ ಸ್ಕೂಟರ್ ಒರೆಸುವ ಚಿಂದಿ. ಟವೆಲ್ಲಿಗೆ ಇನ್ನೂ ಎರಡು ಬಡ್ತಿ ಬಾಕಿ ಇರುವಾಗಲೇ ಸಿಮೆಂಟು ಹಾಕಿ ಸಮಾಧಿ ಮಾಡುವುದು ಯಾವ ನ್ಯಾಯ?

ಹಳೇ ಬಟ್ಟೆಯಿಂದ ಮಾಡುವ ಕೆಲಸ ಅಂದರೆ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಓಟದ ಹೊಲಿಗೆಯಲ್ಲಿ ಹೊಲಿದು ತೆಗೆಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯದ್ದು ಇನ್ನೂ ಒಂದು ಕೈ ಮೇಲು. ಹೊರ ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನಕ್ಕೆ ಮಡಿಸಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈ. ಇಡೀ ಹೊದಿಕೆಗೆ ಹೊಸದಾಗಿ ಕೊಳ್ಳಬೇಕಾದದ್ದು ಸೂಜಿ, ದಾರ. ಗ್ಲೂ ಗನ್ ಇಲ್ಲ, ಸ್ಪ್ರೇ ಇಲ್ಲ. ಹರಿದರೆ ಅದರ ಮೇಲೇ ಇನ್ನೊಂದು ತೇಪೆ. ಇದನ್ನೆಲ್ಲ ನೆನೆದು 'ನಮ್ಮ ಹಿರಿಯರು ಎಂಥ ಪರಿಸರಪ್ರೇಮಿಗಳು' ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರಿದ್ದಾರೆ. ನಮ್ಮಜ್ಜಿಗೆ ಪರಿಸರಪ್ರೇಮ ಇರಲಿಲ್ಲ, ಇದ್ದದ್ದು ಜಿಪುಣತನ. ಆದರೆ ಭೂಮಿಗೆ ನಮ್ಮ ಪ್ರೇಮಕ್ಕಿಂತ ಅಜ್ಜಿಯ ಜಿಪುಣತನವೇ ಹೆಚ್ಚು ಉಪಕಾರ ಮಾಡಿದೆ ಅನ್ನುವುದೂ ನಿಜ.

ನಮ್ಮ ಷಡ್ಡಕರ ಕತೆ ಬೇರೆ. ಅವರದು ಮರಗೆಲಸ. ಒಂದು ಕ್ಯಾಲೆಂಡರ್ ತೂಗುಹಾಕಲು ಡ್ರಿಲ್ಲಿಂಗ್ ಮಷೀನು ಕೊಂಡರು. ಮಷೀನು ಬಂದ ಮೇಲೆ ಅದಕ್ಕೆ ಕೆಲಸ ಕೊಡಬೇಕಲ್ಲ, ಗೋಡೆಗಳಿಗೆ ಗ್ರಹಚಾರ ಬಂತು. ಅದೇ ಕಟ್ಟಡದಲ್ಲಿ ಮನೆಗೊಂದರಂತೆ ಡ್ರಿಲ್ ಇದೆ. ಎಲ್ಲವೂ ಮಂಚದ ಕೆಳಗೆ ನಿದ್ದೆ ಹೊಡೆಯುತ್ತಿವೆ. "ಪಕ್ಕದವರ ಹತ್ರ ಕೇಳಬಾರದಿತ್ತೇ?" ಅಂದೆ. "ಛೆ, ಅವರ ಹತ್ರ ಕೇಳೋದಾ? ನಾವು ಮಾತಾಡಿ ಎಷ್ಟು ದಿನ ಆಯ್ತು!" ಅಂದರು. ಅಪಾರ್ಟ್‌ಮೆಂಟಿನ ಅರ್ಧ ಸಾಮಾನು ಹೀಗೆ ಮಾತು ಬಿಟ್ಟಿದ್ದರಿಂದಲೇ ಬಂದದ್ದು. ಡ್ರಿಲ್ಲು, ಏಣಿ, ಗರಗಸ ಇವೆಲ್ಲ ಕಟ್ಟಡಕ್ಕೊಂದು ಇದ್ದರೆ ಸಾಕು. ಪರಿಸರದ ಜತೆ ನೆರೆಹೊರೆಯೂ ಉಳಿಯುತ್ತದೆ.

ಆಮೇಲೆ ಷಡ್ಡಕರು ಪುಸ್ತಕದ ಕಪಾಟಿಗೆ ಕೈ ಹಾಕಿದರು. ಮೊದಲು ಎಂಡಿಎಫ್ ಹಲಗೆ ತರಿಸುತ್ತೇನೆಂದರು. ಅದು ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಬೆರೆತ ಅಂಟು. ನೀರು ಬಿದ್ದರೆ ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ, ತುಂಡನ್ನು ಬಚ್ಚಲ ಒಲೆಗೆ ಹಾಕಿದರೆ ವಿಷದ ಹೊಗೆ. ನಾನು ಅವರನ್ನು ಎಳೆದುಕೊಂಡು ಗುಜರಿಗೆ ಹೋದೆ. ಅಲ್ಲಿ ಹಡಗಿನ ಸರಕಿನ ಕೆಳಗೆ ಇಡುವ ಪ್ಯಾಲೆಟ್ ಹಲಗೆಗಳು ರಾಶಿ ಬಿದ್ದಿದ್ದವು. ಒಂದನ್ನು ತಿರುಗಿಸಿ ತೋರಿಸಿದೆ. ಪಕ್ಕೆಯಲ್ಲಿ ಕಪ್ಪಗೆ ಒಂದು ಮುದ್ರೆ: ಎಡಕ್ಕೆ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಕೊನೆಗೆ 'ಎಚ್‌ಟಿ' ಎಂದು ಇಂಗ್ಲಿಷಿನಲ್ಲಿ. ಮರದೊಳಗಿನ ಹುಳ ಸಾಯಲಿ ಎಂದು ತಿರುಳಿನವರೆಗೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದು ಅರ್ಥ. ಅಂಥದ್ದನ್ನು ಮನೆಗೆ ತರಬಹುದು. ಅಲ್ಲಿ 'ಎಂಬಿ' ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹೊಡೆದದ್ದು. ಹುಳಕ್ಕೂ ವಿಷ, ಓಝೋನ್ ಪದರಕ್ಕೂ ವಿಷ; ಅದನ್ನು ಅಲ್ಲೇ ಬಿಟ್ಟು ಬನ್ನಿ. ಮುದ್ರೆಯೇ ಇಲ್ಲದ, ಎಣ್ಣೆ ಕಲೆಯ ಹಲಗೆಯೂ ಬೇಡ. ಗುಜರಿಯವನು ನಮ್ಮಿಬ್ಬರನ್ನು ಹಲಗೆ ಓದುವ ಹುಚ್ಚರೆಂದು ತಿಳಿದು ಅಗ್ಗಕ್ಕೆ ಕೊಟ್ಟ.

ಕಪಾಟಿಗೆ ಷಡ್ಡಕರು ಅಂಟು ಸುರಿಯಲು ಹೊರಟಾಗ ಅಡ್ಡ ಬಂದವರು ನಮ್ಮ ಬೀದಿಯ ಆಚಾರ್ರು. "ಸ್ವಾಮಿ, ಸ್ಕ್ರೂ ಹಾಕಿ. ನಾಳೆ ಮನೆ ಬದಲಾಯಿಸಿದರೆ ಬಿಚ್ಚಿ ಒಯ್ಯಬಹುದು, ಒಂದು ಹಲಗೆ ಕೆಟ್ಟರೆ ಒಂದನ್ನೇ ಬದಲಾಯಿಸಬಹುದು. ಅಂಟು ಹಾಕಿದರೆ ಮುರಿದೇ ತೆಗೀಬೇಕು." ಅವರ ತಂದೆಯ ಕಾಲದಲ್ಲಿ ಮರಕ್ಕೆ ಮರ ಕಚ್ಚಿಸಿ ಬಿದಿರಿನ ಗೂಟ ಹೊಡೆಯುತ್ತಿದ್ದರಂತೆ. ಆ ಕಾಲದ ಬಾಗಿಲುಗಳು ಎಷ್ಟು ಮನೆ ಕಂಡರೂ ಗಟ್ಟಿಯಾಗಿ ಇವತ್ತಿಗೂ ಹಳೇ ಮರದ ಅಂಗಡಿಗಳಲ್ಲಿ ಮಾರಾಟಕ್ಕೆ ನಿಂತಿವೆ. ಹಸಿರು ಕೈಕೆಲಸದ ಶಾಸ್ತ್ರವೆಲ್ಲ ಆಚಾರ್ರ ಆ ಮಾತಿನಲ್ಲೇ ಇದೆ: ಮಾಡುವಾಗಲೇ ಬಿಚ್ಚುವುದನ್ನು ಯೋಚಿಸಬೇಕು.

ಬಣ್ಣದ ವಿಷಯದಲ್ಲಿ ಷಡ್ಡಕರಿಗಿಂತ ನಮ್ಮ ಭಾವಮೈದುನ ಮುಂದು. ಒಂದು ಸ್ಟೂಲಿಗೆ ನಾಲ್ಕು ಲೀಟರಿನ ಡಬ್ಬ. 'ದೊಡ್ಡ ಡಬ್ಬ ತಗೊಂಡ್ರೆ ಅಗ್ಗ.' ಮಿಕ್ಕ ಮೂರೂ ಮುಕ್ಕಾಲು ಲೀಟರು ಅಟ್ಟದಲ್ಲಿ ಕೆನೆ ಕಟ್ಟಿ ಕೂತಿದೆ. ಎಷ್ಟು ಲೀಟರು ಎಷ್ಟು ಚದರಡಿಗೆ ಬರುತ್ತದೆ ಎಂದು ಡಬ್ಬದ ಮೇಲೆಯೇ ಬರೆದಿರುತ್ತಾರೆ; ಅಳತೆ ಟೇಪು ಹಿಡಿದರೆ ದುಡ್ಡೂ ಉಳಿಯುತ್ತದೆ, ಅಟ್ಟವೂ ಉಳಿಯುತ್ತದೆ. ಬ್ರಷ್ ತೊಳೆದ ಟರ್ಪೆಂಟೈನನ್ನು ಅವನು ನೇರ ಬಚ್ಚಲಿಗೆ ಸುರಿಯುತ್ತಾನೆ. ಅದನ್ನು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟರೆ ಬಣ್ಣವೆಲ್ಲ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ತಿಳಿಯನ್ನು ಬಗ್ಗಿಸಿಕೊಂಡರೆ ಮುಂದಿನ ಸಲಕ್ಕೆ ಆಯಿತು. ಒಂದು ಕೋಟಿಂಗಿಗೂ ಇನ್ನೊಂದು ಕೋಟಿಂಗಿಗೂ ನಡುವೆ ಬ್ರಷ್ ತೊಳೆಯುವುದೂ ಬೇಕಿಲ್ಲ. ಹಳೆಯ ಹಾಲಿನ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಣಗುವುದಿಲ್ಲ.

ಹಳೆ ಕಿಟಕಿಯ ಬಣ್ಣ ಕೆರೆಯುವವರು ಮಾತ್ರ ಹುಷಾರು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮಲ್ ಬಣ್ಣದಲ್ಲಿ ಎಷ್ಟಿದೆಯೋ ಯಾರು ಕಂಡರು? ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ಆಚೆ ಕಳಿಸಿ. ಬಣ್ಣವೆಂದರೆ ಡಬ್ಬದ್ದೇ ಆಗಬೇಕೆಂದೂ ಇಲ್ಲ. ಕಾಂಪೌಂಡಿಗೆ ಸುಣ್ಣ ಬಳಿದರೆ, ಕಲ್ಲು ಸುಡುವಾಗ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಿಷ್ಟನ್ನು ಅದು ಗೋಡೆಯ ಮೇಲೆ ಗಟ್ಟಿಯಾಗುತ್ತ ವಾಪಸು ಹೀರುತ್ತದೆ. ಚನ್ನಪಟ್ಟಣದ ಬೊಂಬೆಯವರನ್ನು ನೋಡಿ. ಗಿರಗಿರ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಮೇಲೆ ಒಣ ಗರಿಯಿಂದ ಉಜ್ಜಿದರೆ ಹೊಳಪು. ಥಿನ್ನರೂ ಇಲ್ಲ, ಸ್ಪ್ರೇಯೂ ಇಲ್ಲ.

ಮೂರನೇ ಮಹಡಿಯ ಆಂಟಿಯವರ ಬಯೋ ಎನ್‌ಜೈಮನ್ನು ಮರೆತರೆ ಅವರು ನನ್ನನ್ನು ಲಿಫ್ಟಿಗೆ ಹತ್ತಿಸುವುದಿಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆಯ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕೊಳೆತರೆ ನೆಲ ಒರೆಸುವ ದ್ರಾವಣ. ಸಿಪ್ಪೆ ಮನೆಯದಾದರೆ, ಡಬ್ಬ ಹಳೆಯದಾದರೆ ಒಳ್ಳೆಯ ಕೆಲಸವೇ. ಆಂಟಿ ಮಾತ್ರ ಸಿಪ್ಪೆಗಾಗಿ ಕಿತ್ತಳೆ ಕೊಂಡು, ಅಂಕಲ್ಲಿಗೆ ದಿನವೂ ಜ್ಯೂಸು ಕುಡಿಸುತ್ತಿದ್ದಾರೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಡಬ್ಬ ಸಿಡಿಯುತ್ತದೆ. ಅಂಕಲ್ಲಿಗೆ ಆ ಸೌಲಭ್ಯವೂ ಇಲ್ಲ.

ಹೊಸದು ಮಾಡುವುದರಲ್ಲಿ ಇರುವ ಹುಮ್ಮಸ್ಸು ಹಳತನ್ನು ರಿಪೇರಿ ಮಾಡುವುದರಲ್ಲಿ ಯಾಕಿಲ್ಲವೋ ಕಾಣೆ. ಮಿಕ್ಸಿಯ ಜಾರಿನ ತಳದಲ್ಲಿ ಸವೆದ ಕಪ್ಲರ್ ಬದಲಾಯಿಸುವುದು ಐದು ನಿಮಿಷದ ಕೆಲಸ. ಅದಕ್ಕೆ ಹೊಸ ಮಿಕ್ಸಿಯನ್ನೇ ತರುತ್ತೇವೆ, ಯಾಕೆಂದರೆ ಕಪ್ಲರ್ ಬದಲಾಯಿಸಿದೆ ಎಂದು ಫೋಟೋ ಹಾಕಿದರೆ ಯಾರೂ ಲೈಕ್ ಕೊಡುವುದಿಲ್ಲ. ನೆದರ್ಲೆಂಡಿನ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 'ರಿಪೇರಿ ಕೆಫೆ' ಶುರು ಮಾಡಿದರು. ಕೆಟ್ಟದ್ದನ್ನು ತನ್ನಿ, ಬಲ್ಲವರ ಪಕ್ಕ ಕೂತು ನೀವೇ ಸರಿ ಮಾಡಿ, ಜತೆಗೆ ಕಾಫಿ ಕುಡಿಯಿರಿ ಎಂಬ ಏರ್ಪಾಡು. ಅದು ಲೋಕವೆಲ್ಲ ಹಬ್ಬಿ ಬೆಂಗಳೂರಿಗೂ ಬಂತು. ನಮ್ಮ ಊರುಗಳಲ್ಲಿ ಕೊಡೆ ರಿಪೇರಿಯವರು, ಚಪ್ಪಲಿ ಹೊಲಿಯುವವರು, ಸ್ಟೌ ರಿಪೇರಿಯವರು ಬೀದಿ ಬದಿಯಲ್ಲಿ ಇದನ್ನೇ ಮಾಡುತ್ತಿದ್ದರು. ಕಾಫಿ ಮಾತ್ರ ಕೊಡುತ್ತಿರಲಿಲ್ಲ.

ಇನ್ನೊಂದು ಕಹಿ ಸತ್ಯ ಹೇಳಿಬಿಡುತ್ತೇನೆ. ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟವೂ ದಂಡವೇ. ಹಲಗೆಯನ್ನು ಷಡ್ಡಕರು ಕೊಯ್ದರೆ ಮೂರು ಕೆಟ್ಟು ಒಂದು ಉಳಿಯುತ್ತದೆ. ಆಚಾರ್ರು ಕೊಯ್ದರೆ ಮಿಕ್ಕ ತುಂಡಿನಲ್ಲಿ ಮಣೆಯೂ ಒಂದು ಹೊರಡುತ್ತದೆ. ಕಲಿಯುವುದಾದರೆ ಗುಜರಿ ಮರದಲ್ಲಿ ಕಲಿಯಿರಿ. ಕೈ ಪಳಗದಿದ್ದರೆ ಬಲ್ಲವರಿಗೆ ಕೂಲಿ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ.

ಹಾಗಾದರೆ ಸುಮ್ಮನೆ ಕೂರಬೇಕೇ? ಖಂಡಿತ ಬೇಡ, ಕೈಗೆ ಕೆಲಸ ಬೇಕು. ಆದರೆ ವಿಡಿಯೋ ನೋಡಿದ ರಾತ್ರಿಯೇ ಆರ್ಡರ್ ಒತ್ತಬೇಡಿ, ಒಂದು ನಿದ್ದೆ ಆಗಲಿ. ಬೆಳಗ್ಗೆ ಎದ್ದು ಆ ವಸ್ತು ಮನೆಗೆ ನಿಜಕ್ಕೂ ಬೇಕೇ ಎಂದು ಮನೆಯವರನ್ನು ಕೇಳಿ; ಅವರು ನಕ್ಕರೆ ಬಿಟ್ಟುಬಿಡಿ. ಬೇಕೇ ಬೇಕು ಅಂದರೆ ಅಂಗಡಿಗೆ ಮುಂಚೆ ಅಟ್ಟ ಹತ್ತಿ. ಮೊಳೆ, ಹುರಿ, ಹಲಗೆ, ಅರ್ಧ ಡಬ್ಬ ಬಣ್ಣ ಎಲ್ಲವೂ ಅಲ್ಲೇ ಇವೆ, ನೀವೇ ಇಟ್ಟು ಮರೆತದ್ದು. ಅಟ್ಟ ಹತ್ತಲು ಏಣಿ ಇಲ್ಲವೇ? ದಯವಿಟ್ಟು ಕೊಳ್ಳಬೇಡಿ. ಪಕ್ಕದ ಮನೆಯಲ್ಲಿದೆ, ಕೇಳಿ ತನ್ನಿ. ಕೆಲಸ ಮುಗಿದ ಮೇಲೆ ವಾಪಸು ಕೊಡಿ.